ನನ್ನ ಪಾಲಿನ ಗೋಡೆ

ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಯಿತು, ಹಿಂದಿನ ಅರ್ಧ ಮನೆ ನನ್ನ ಪಾಲಿಗೆ ಬಂತು. ಬಂತು ಎಂದರೆ ನಮ್ಮಣ್ಣ ಒಪ್ಪುವುದಿಲ್ಲ. ನಾನು ಕಿತ್ತುಕೊಂಡೆ ಎಂದು ಇವತ್ತಿಗೂ ಊರ ತುಂಬ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ. ಕೇಳಿ ಪಡೆದದ್ದಕ್ಕೆ ಕಿತ್ತುಕೊಳ್ಳುವುದು ಅಂತ ಹೆಸರಿಟ್ಟರೆ ನಾನು ಕಿತ್ತುಕೊಂಡವಳೇ, ಅದರಲ್ಲಿ ನಾಚಿಕೆ ಏನಿಲ್ಲ.

ನಮ್ಮೂರು ಆಳಂದ ತಾಲ್ಲೂಕಿನದು, ನರೋಣಾದಿಂದ ಒಂದಿಷ್ಟು ಮುಂದೆ. ನಾನು ಇರುವುದು ಜೇವರ್ಗಿಯಲ್ಲಿ. ಖಡಕ್ ರೊಟ್ಟಿ ಮಾಡಿ ಮಾರುವುದು ನನ್ನ ಕಸುಬು. ಬಾಡಿಗೆ ಕೋಣೆ, ಒಲೆಯ ಹೊಗೆ, ಹೊಗೆಯ ಮೇಲೆ ಮಾಲೀಕರ ದಿನಾ ಒಂದು ತಕರಾರು. ನನ್ನದು ಅನ್ನುವ ಒಂದು ಸೂರು ಇದ್ದರೆ ಒಲೆ ಹೂಡಿ ನಮ್ಮೂರ ನಾಲ್ಕು ಹೆಣ್ಣುಮಕ್ಕಳಿಗೂ ಕೆಲಸ ಕೊಡಬಹುದಿತ್ತು. ಇದು ಒಂದು ಕಾರಣ. ಜಿದ್ದು ಇನ್ನೊಂದು ಕಾರಣ. ಯಾವುದು ಮೊದಲು ಎಂದು ನನ್ನನ್ನು ಕೇಳಬೇಡಿ.

ಪಾಲಿನ ದಿನ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ನನ್ನ ಮುಂದೆ ಒಂದು ಸೀರೆ, ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು. ಉಡಿ ತುಂಬಿ, ಕುಂಕುಮ ಹಚ್ಚಿ, ಹಕ್ಕು ಬಿಟ್ಟುಕೊಟ್ಟೆ ಎಂಬ ಕಾಗದಕ್ಕೆ ಸಹಿ ಹಾಕಿಸಿ, ಸಂಜೆಯ ಬಸ್ಸಿಗೆ ಹತ್ತಿಸುವುದು ಅವರ ಲೆಕ್ಕ. ನಮ್ಮ ಕಡೆ ಹೆಣ್ಣುಮಕ್ಕಳೆಲ್ಲ ಹಾಗೆಯೇ ಸಹಿ ಮಾಡುತ್ತಾರೆ. ಓದಿ ಮಾಡುವುದಿಲ್ಲ, ಅಳುತ್ತ ಮಾಡುತ್ತಾರೆ.

ನಾನು ಹೇಳಿದೆ, "ಉಡಿ ತುಂಬ್ರಿ, ಬ್ಯಾಡ ಅನ್ನಂಗಿಲ್ಲ. ಸಹಿ ಮಾತ್ರ ಮಾಡಂಗಿಲ್ಲ."

ನಮ್ಮ ಭಾವಕಿಯ, ಅಂದರೆ ದಾಯಾದಿಗಳ ಕಡೆಯ, ಹಿರಿಯ ಕಾಕಾ ಒಬ್ಬರು ವಿಭೂತಿ ಹಣೆ ಗಂಟಿಕ್ಕಿದರು. "ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತಾರ ತಂಗಿ."

"ಕುಲಕ್ಕ ಹೊರಗಾದ್ರ ಆಗಲಿ ಕಾಕಾ. ಮನಿಗೆ ಹೊರಗಲ್ಲ."

ಪ್ರತಿ ಬಸವ ಜಯಂತಿಗೆ ನಮ್ಮಣ್ಣ ಕಟ್ಟೆಯ ಮೇಲೆ ಮೈಕು ಹಿಡಿದು ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಭಾಷಣ ಮಾಡುತ್ತಾನೆ. ಭಾಷಣ ಚೆನ್ನಾಗಿಯೇ ಇರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಅವತ್ತು ಅದನ್ನು ನೆನಪು ಮಾಡಿಕೊಟ್ಟೆ. ಕೆಂಪಗಾದ. ಕಾನೂನು ನನ್ನ ಕಡೆ ಇದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ರಸ್ತೆ ಕಡೆಯ ಅರ್ಧ ಅಣ್ಣನಿಗೆ, ಗಲ್ಲಿ ಕಡೆಯ ಹಿಂದಿನ ಅರ್ಧ ನನಗೆ ಎಂದಾಯಿತು. "ಪಾಲಿಗೆ ಬಂದದ್ದು ಪಂಚಾಮೃತ ಅನ್ಕೋ ಬೇ," ಎಂದು ಕಾಕಾ ಎದ್ದರು. ಅದನ್ನೇ ಅಂದುಕೊಂಡೆ.

ಹೊರಗಿನವರು ನಮ್ಮ ಕಡೆಯ ಮಾಳಿಗೆ ಮನೆ ನೋಡಿ ಮಣ್ಣಿನ ಮನೆ ಅನ್ನುತ್ತಾರೆ. ಅದು ಮಣ್ಣಿನ ಮನೆಯಲ್ಲ, ಕಟ್ಟಿಗೆಯ ಮನೆ. ಸಾಲು ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು. ಭಾರ ಹೊರುವುದೆಲ್ಲ ಕಂಬಗಳು. ಗೋಡೆ ಬರೀ ಕಂಬಗಳ ನಡುವೆ ತುಂಬಿದ ಕಲ್ಲು, ಹಸಿ ಇಟ್ಟಿಗೆ. ಕಂಬ ನೆಟ್ಟಗಿದ್ದರೆ ಗೋಡೆ ನೆಟ್ಟಗೆ, ಕಂಬ ವಾಲಿದರೆ ಗೋಡೆಯೂ ವಾಲುತ್ತದೆ.

ಅಣ್ಣ ತನ್ನ ಅರ್ಧವನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿದ. ಅವನ ಪಾಲು, ಅವನಿಷ್ಟ. ಆದರೆ ಹಳೆಯ ಮನೆಯ ಉದ್ದನೆಯ ತೊಲೆಗಳು ಎರಡೂ ಪಾಲಿಗೆ ಅಡ್ಡವಾಗಿ ಹಾದಿದ್ದವು. ಅವನ್ನು ಗಡಿಗೆ ಸರಿಯಾಗಿ ಗರಗಸ ಹಾಕಿಸಿ ಕೊಯ್ಸಿದ. ಅಲ್ಲಿಯವರೆಗೆ ಒಂದನ್ನೊಂದು ಹಿಡಿದುಕೊಂಡು ನಿಂತಿದ್ದ ಚೌಕಟ್ಟು ನನ್ನ ಕಡೆ ಅನಾಥವಾಯಿತು. ನಡುವಿನ ಗೋಡೆ ಅದರ ಕಂಬಗಳ ಸಮೇತ ಅವನ ಕಡೆಗೆ ಬಾಗತೊಡಗಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಲ್ಲಿ ಕಡೆಯ ನನ್ನ ಬಾಗಿಲು ಮುಚ್ಚುವುದೇ ನಿಂತುಹೋಯಿತು. ಚೌಕಾಕಾರದ ಬಾಗಿಲವಾಡ ಶಂಕರಪೋಳಿಯ ಹಾಗೆ ಓರೆಯಾಗಿತ್ತು. ಕದವನ್ನು ಎಷ್ಟು ದಬ್ಬಿದರೂ ಒಂದು ಮೂಲೆ ಒಳಗೆ, ಒಂದು ಮೂಲೆ ಹೊರಗೆ. ನಾನು ಊರಿಗೆ ಹೋದಾಗಲೆಲ್ಲ ಕದಕ್ಕೆ ಒರಳುಕಲ್ಲು ಒತ್ತಿ ಮಲಗುತ್ತಿದ್ದೆ, ಬರುವಾಗ ಚಿಲಕಕ್ಕೆ ಸರಪಳಿ ಸುತ್ತಿ ಕೀಲಿ ಹಾಕುತ್ತಿದ್ದೆ.

ಅಣ್ಣ ಹಿರಿಯರ ಹತ್ತಿರ ಹೋದ. ಅವನ ಹೊಸ ಮನೆಗೂ ನನ್ನ ಗೋಡೆಗೂ ನಡುವೆ ಒಂದು ಸಣ್ಣ ಸಂದಿ ಉಳಿದಿತ್ತು. ಅಲ್ಲಿ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ದಿನಾ ಕೂತು ಪಾತ್ರೆ ತಿಕ್ಕುತ್ತಾಳೆ. "ನಾಳಿ ಗ್ವಾಡಿ ಆಕಿ ಮ್ಯಾಲ ಬಿದ್ರ ಯಾರ್ ಜವಾಬ್ದಾರಿ?" ಎಂದ. ತೊಲೆ ಕೊಯ್ದವನೇ ಈ ಮಾತು ಆಡಿದ್ದಕ್ಕೆ ನನ್ನ ಮೈಯೆಲ್ಲ ಉರಿಯಿತು. ಆದರೆ ಮಾತು ಸುಳ್ಳಲ್ಲ. ಗೋಡೆ ಬಿದ್ದರೆ ವೈನಿಯ ಮೇಲೆಯೇ ಬೀಳುತ್ತಿತ್ತು. ಅದಕ್ಕೇ ಹಿರಿಯರು ಹಾಕಿದ ಕರಾರಿಗೆ ನಾನು ಬಾಯಿ ಮುಚ್ಚಿಕೊಂಡು ಹೂಂ ಎಂದೆ. ಮಿರಗದ, ಅಂದರೆ ಮೃಗಶಿರಾ ಮಳೆ ಬೀಳುವುದರೊಳಗೆ ಗೋಡೆ ನೆಟ್ಟಗಾಗಬೇಕು. ಇಲ್ಲವಾದರೆ ನಾನು ಮನೆ ಕೆಡವಬೇಕು, ಜಾಗ ಅಣ್ಣನಿಗೆ ಬಿಡಬೇಕು.

ಆಗ ಬೇಸಿಗೆ. ಎಲ್ಲರೂ ಕೆಡವು ಎಂದರು. ಕೆಡವಿ ಕಾಲಂ ಹಾಕಿಸುವ ತಾಕತ್ತು ನನಗಿಲ್ಲ, ಒಮ್ಮೆ ಕೆಡವಿದರೆ ಖಾಲಿ ಜಾಗ ನೋಡಿ ಅಣ್ಣ ಸುಮ್ಮನಿರುವುದಿಲ್ಲ ಎಂಬುದು ಎಲ್ಲರಿಗಿಂತ ಹೆಚ್ಚು ನನಗೆ ಗೊತ್ತಿತ್ತು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಒಳ್ಳೆಯವರು, ಆದರೆ ಅಂಜುಬುರುಕರು. "ಎಲ್ಲಾರೂ ಒಂದs ಮಾತ ಹೇಳಾಕತ್ತಾರಂದ್ರ..." ಎಂದು ಶುರು ಮಾಡಿದರು. "ಎಲ್ಲಾರೂ ಒಂದs ಮಾತ ಹೇಳಿದಾಗ್ಲೇ ಅನುಮಾನ ಬರ್ಬೇಕು," ಎಂದೆ.

ಮಟಕಿ ಊರಿನಿಂದ ಗೋಡೆ ಕಟ್ಟುವ ಒಬ್ಬ ಗೌಂಡಿಯನ್ನು ಕರೆಸಿದೆ. ಬಾಯಿ ಜೋರಿನ ಮನುಷ್ಯ. ಗೋಡೆಯ ನೆತ್ತಿಯಿಂದ ಓಳಂಬಿಯ ಗುಂಡು ಇಳಿಬಿಟ್ಟ. ದಾರ ನೇರವಾಗಿ ಇಳಿಯಿತು, ಗೋಡೆ ಅದನ್ನು ಬಿಟ್ಟು ಒಂದು ಗೇಣಿನ ಮೇಲೆ ದೂರ ಹೋಗಿತ್ತು. ಮೂಲೆಗಳಿಗೆ ಗುಣ್ಯಾ ಹಿಡಿದ. ಕಬ್ಬಿಣದ ಆ ಮೂಲೆಪಟ್ಟಿ ಒಂದು ಕಡೆಯೂ ಕೂಡಲಿಲ್ಲ. "ಹೊರಗಿಂದ ಟೇಕಾ ಹಚ್ಚಿ ಜಾಕ್ ಇಟ್ಟು ದಬ್ಬಿದ್ರ ಬರ್ತದ್ರಿ ಅಕ್ಕೋರ. ಸಾದಾ ಕೆಲಸ," ಎಂದ.

ಟೇಕಾ ಅಂದರೆ ಆಸರೆಯ ಊರುಗಂಬ, ಹೊರಗೆ ಅಂದರೆ ಅಣ್ಣನ ಜಾಗ. ಕೇಳಲು ಹೋದೆ. ಅಣ್ಣ ಚಹಾ ಕುಡಿಯುತ್ತಿದ್ದ, ನನಗೂ ಕೊಡಿಸಿದ. ಚಹಾ ಕೊಟ್ಟು ಇಲ್ಲ ಅನ್ನುವುದು ನಮ್ಮ ಮನೆತನದ ರೂಢಿ.

"ನನ್ನ ಜಾಗದಾಗ ಟೇಕಾ ಹಚ್ಚಂಗಿಲ್ಲ ಬೇ. ಇವತ್ತ ಟೇಕಾ ಹಚ್ತಿ, ನಾಳಿ ಆ ಜಾಗಾನೂ ನಂದs ಅಂತಿ."

"ನಿನ್ನಂಗ ನಾನೂ ಅಂತ ತಿಳದಿಯೇನು?" ಎಂದು ಕೇಳಿ, ಚಹಾ ಪೂರ್ತಿ ಕುಡಿದೇ ಎದ್ದು ಬಂದೆ.

ಹೊರಗಿನಿಂದ ದಬ್ಬಲು ಬಿಡದಿದ್ದರೆ ಒಳಗಿನಿಂದ ಜಗ್ಗಬೇಕು. ಅಫಜಲಪುರದಲ್ಲಿ ನನ್ನ ಮೈದುನ ಬೋರ್‌ವೆಲ್ಲಿನ ಮೋಟಾರು ಎತ್ತುವ ಕೆಲಸ ಮಾಡುತ್ತಾನೆ. ಅವನ ಚೈನ್ ಪುಲ್ಲಿಯನ್ನು ನಮ್ಮ ಮನೆಯವರು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ಗೌಂಡಿ ಅದನ್ನು ನೋಡಿ ತಲೆ ಕೆರೆದ. "ಯಾತಕ್ಕ ಕಟ್ಟಿ ಜಗ್ಗೋದ್ರಿ? ಎದುರಿನ ಕಂಬಕ್ಕ ಕಟ್ಟಿದ್ರ ಅದೂ ಇದರ ಜೋಡಿ ಮಲಗ್ತದ."

ನಾನು ಕಾಲ ಕೆಳಗಿನ ಫರಸಿ ಕಲ್ಲನ್ನು ತೋರಿಸಿದೆ. ಅದರಡಿ ನಮ್ಮ ಹಗೇವು ಇತ್ತು. ಹಿಂದೆ ವರ್ಷದ ಜೋಳ ತುಂಬಿಡುತ್ತಿದ್ದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು ಇಕ್ಕಟ್ಟು, ಒಳಗೆ ಗಡಿಗೆಯಂಥ ಹೊಟ್ಟೆ. ಚಿಕ್ಕವಳಿದ್ದಾಗ ಜೋಳ ತೆಗೆಯಲು ನನ್ನನ್ನೇ ಇಳಿಸುತ್ತಿದ್ದರು, ಅದರ ಒಳಗೋಡೆ ಎಲ್ಲಿ ಹೇಗೆ ಬಾಗುತ್ತದೆ ಎಂಬುದು ನನ್ನ ಬೆನ್ನಿಗೆ ಗೊತ್ತು. ಒಂದು ಜಾಲಿಯ ದಿಮ್ಮಿಗೆ ಸರಪಳಿ ಬಿಗಿದು, ಉದ್ದಕ್ಕೆ ಒಳಗಿಳಿಸಿ, ಅಲ್ಲಿ ಅಡ್ಡ ತಿರುಗಿಸಿದರೆ ಅದು ಗುಂಡಿಯ ಹೆಗಲಿಗೆ ಸಿಕ್ಕಿಕೊಳ್ಳುತ್ತದೆ. ಆನೆ ಜಗ್ಗಿದರೂ ಮೇಲೆ ಬರುವುದಿಲ್ಲ.

"ಹಗೇವಿಗೆ ಮನಿ ಕಟ್ಟಿ ಜಗ್ಗಿದವ್ರನ್ನ ನಾ ಎಲ್ಲೂ ನೋಡಿಲ್ರಿ," ಎಂದ ಗೌಂಡಿ.

"ಇವತ್ತ ನೋಡು."

ತೊಲೆಗಳಿಗೆಲ್ಲ ಒಳಗೆ ಟೇಕಾ ಕೊಟ್ಟು, ಗೋಡೆಯ ಮೇಲರ್ಧದ ಹಸಿ ಇಟ್ಟಿಗೆ ಬಿಚ್ಚಿಟ್ಟು, ವಾಲಿದ ಕಂಬಗಳ ನೆತ್ತಿಗೆ ಸರಪಳಿ ಹಾಕಿ, ಹಗೇವಿನ ದಿಮ್ಮಿಗೆ ಪುಲ್ಲಿ ಕಟ್ಟಿ ಜಗ್ಗಿದೆವು. ಸರಪಳಿ ಬಿಗಿಯಿತು. ದಿಮ್ಮಿ ಮಿಸುಕಲಿಲ್ಲ. ಕಂಬ ಮುಲುಗಿತು ಅಷ್ಟೇ, ಕೂದಲೆಳೆಯಷ್ಟೂ ಅಲುಗಾಡಲಿಲ್ಲ. ಇನ್ನೂ ಜಗ್ಗಿದರೆ ಕಂಬವೇ ಸೀಳುತ್ತದೆ ಎಂದು ಗೌಂಡಿ ಕೈಬಿಟ್ಟ. ಜಂತಿಗಳ ಸಂದಿಯಿಂದ ಒಂದು ಬೊಗಸೆ ಮಣ್ಣು ನನ್ನ ತಲೆಯ ಮೇಲೆಯೇ ಸುರಿಯಿತು.

"ಆಗಂಗಿಲ್ರಿ ಅಕ್ಕೋರ. ಕೆಡವ್ರಿ. ನಾನೇ ಕಾಲಂ ಹಾಕಿ ಕೊಡ್ತೇನಿ."

ತಲೆ ಜಾಡಿಸಿಕೊಳ್ಳುತ್ತ ಕೂತೆ. ಅಳು ಬಂತು, ನಿಜ. ಆದರೆ ಕೂದಲೊಳಗೆ ಕೈಯಾಡಿಸಿದಷ್ಟೂ ಮಣ್ಣು ಬರುತ್ತಲೇ ಇತ್ತು. ಇಷ್ಟು ಮಣ್ಣು ಸುರಿದರೆ ಮೇಲೆ ಇನ್ನೆಷ್ಟಿದೆ ನೋಡೋಣ ಎಂದು ಸೆರಗು ಸಿಕ್ಕಿಸಿ ನಿಚ್ಚಣಿಕೆ ಹತ್ತಿದೆ. ಹತ್ತಿದ್ದು ಬುದ್ಧಿಯಿಂದಲ್ಲ, ಸಿಟ್ಟಿನಿಂದ.

ಮಾಳಿಗೆಯ ಅಂಚಿಗೆ ಕುಂಬಿ ಇರುತ್ತದೆ, ಬೀಳದಂತೆ ಕಟ್ಟಿದ ಗಿಡ್ಡ ಗೋಡೆ. ಹುಡುಗಿಯಾಗಿದ್ದಾಗ ಮೆಣಸಿನಕಾಯಿ ಒಣಹಾಕಿ ಕಾಯುತ್ತ ನಾನು ಅದರ ಮೇಲೆ ಗದ್ದ ಇಟ್ಟುಕೊಂಡು ಗಲ್ಲಿ ನೋಡುತ್ತಿದ್ದೆ. ಈಗ ಅದು ನನ್ನ ಮೀನಖಂಡಕ್ಕೆ ತಾಗಿತು. ನಾನು ಬೆಳೆದೆ ಎಂದು ಮೊದಲು ನಗು ಬಂತು. ಆದರೆ ಹೆಣ್ಣು ಎಷ್ಟು ಬೆಳೆದರೂ ಗದ್ದಕ್ಕೆ ಬರುತ್ತಿದ್ದದ್ದು ಮೊಣಕಾಲಿಗೂ ಬಾರದಷ್ಟು ಬೆಳೆಯುವುದಿಲ್ಲ. ನೀರು ಹೊರಗೆ ಬೀಳಲು ಇಟ್ಟ ತಗಡಿನ ದೋಣಿಯ ಹತ್ತಿರ ಸಲಿಕೆ ತೆಗೆದುಕೊಂಡು ಕೆದರಿದೆ. ಮೊಳದಾಳಕ್ಕೆ ಹೋದ ಮೇಲೆ ಕಲ್ಲು ಟಣ್ ಎಂದಿತು. ಅದು ಹಳೆಯ ಕಲ್ಲಿನ ದೋಣಿ, ನಾನು ಮಳೆಗಾಲದಲ್ಲಿ ಅದರಡಿ ತಲೆಯೊಡ್ಡಿ ನಿಲ್ಲುತ್ತಿದ್ದ ದೋಣಿ. ಮಣ್ಣು ಏರಿ ಏರಿ ಅದು ಹೂತುಹೋಗಿತ್ತು, ಯಾರೋ ಅದರ ಮೇಲೆ ತಗಡಿನದು ಇಟ್ಟಿದ್ದರು.

ಆಗ ಗೊತ್ತಾಯಿತು ಕಂಬ ಯಾಕೆ ಬರುವುದಿಲ್ಲ ಎಂದು.

ನಮ್ಮ ಕಡೆ ಪ್ರತಿ ವರ್ಷ ಮಿರಗಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ. ಕರಲು ಮಣ್ಣು, ನೀರು ಇಳಿಯಗೊಡದ ಬೂದುಬಣ್ಣದ ಮಣ್ಣು. ಸೋರಿದರೆ ಮಣ್ಣು, ಸೋರದಿದ್ದರೂ ಮಣ್ಣು. ಹಾಕದ ಮನೆಯನ್ನು ಹಿರಿಯರಿಲ್ಲದ ಮನೆ ಎಂದು ಆಡಿಕೊಳ್ಳುತ್ತಾರೆ. ಆದರೆ ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಮಾಳಿಗೆಯ ಮಣ್ಣು ಕೆಳಗಿಳಿಯುವುದು ಮನೆ ಕೆಡವುವಾಗ ಮಾತ್ರ, ಅದಕ್ಕೆ ಮುಂಚೆ ಇಳಿಸಿದರೆ ಮನೆ ಮುರಿದಂತೆ ಎಂದು ನಂಬಿಕೆ. ನಾನೂ ಲಂಗ ಎತ್ತಿಕಟ್ಟಿ ಬುಟ್ಟಿ ಹೊತ್ತವಳು. ಅವ್ವ ನೋಡಿ ಹಿಗ್ಗುತ್ತಿದ್ದಳು. ತಲೆಮಾರಿನಿಂದ ತಲೆಮಾರಿಗೆ ಭಕ್ತಿಯಿಂದ ಹೇರುತ್ತ ಹೋದದ್ದು ನಮ್ಮ ತಲೆಯ ಮೇಲೆಯೇ. ಆ ಹೊರೆ ಹೊತ್ತ ಕಂಬಕ್ಕೆ ತೊಲೆ ಕೊಯ್ದದ್ದು ಒಂದು ನೆಪವಾಯಿತು. ಅಷ್ಟು ಭಾರ ಮೇಲಿಟ್ಟುಕೊಂಡು ಯಾವ ಕಂಬ ತಾನೇ ನೆಟ್ಟಗಾದೀತು?

ಕೆಳಗಿಳಿದು ಗೌಂಡಿಗೆ ಹೇಳಿದೆ, "ಮಣ್ಣು ಇಳಸ್ತೇನಿ. ಆಮ್ಯಾಲ ಜಗ್ಗೋಣು."

ಅವನು ಕಿವಿ ಮುಚ್ಚಿಕೊಂಡ. "ಬಾಳ್ವಿ ಮಾಡೋ ಮನಿ ಮಣ್ಣು ನಾ ಇಳಸಂಗಿಲ್ರಿ. ನಮ್ಮ ಮನ್ಯಾಗ ಬೈತಾರ. ಅಪಶಕುನ."

"ನೀ ಮುಟ್ಟಬ್ಯಾಡ. ಶಕುನ ಏನಾದ್ರೂ ಆದ್ರ ನನ್ನ ತಲಿ ಮ್ಯಾಲ ಆಗಲಿ. ಹ್ಯಾಂಗೂ ಮಣ್ಣು ಅಲ್ಲೇ ಬಿದ್ದದ."

ಜೇವರ್ಗಿಯಲ್ಲಿ ನನ್ನ ಜೊತೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಫೋನು ಹಚ್ಚಿದೆ. ಬೆಳಗಿನ ಬಸ್ಸಿಗೆ ಬಂದರು, ರೊಟ್ಟಿ ಪುಂಡಿಪಲ್ಯ ಕಟ್ಟಿಕೊಂಡು. ದಿನವಿಡೀ ರೊಟ್ಟಿ ಬಡಿದು ಗಟ್ಟಿಯಾದ ತೋಳುಗಳಿಗೆ ಸಲಿಕೆ ಏನು ಮಹಾ. ಮಾಳಿಗೆ ಹತ್ತಿದವರು ಅಗೆದು ಬುಟ್ಟಿ ತುಂಬಿ ಗಲ್ಲಿಗೆ ಸುರಿಯತೊಡಗಿದರು. ಅಗೆದಂತೆ ಮಣ್ಣು ಪದರ ಪದರವಾಗಿ ಕಾಣಿಸಿತು. ಒಂದು ಬೂದು, ಒಂದು ಕರಿ, ಒಂದು ಬಿಳಿಚಿದ್ದು. ಇದರಲ್ಲಿ ನಾನು ಹೊತ್ತದ್ದು ಯಾವುದು ಎಂದು ನೋಡಿದೆ. ಗುರುತು ಸಿಗಲಿಲ್ಲ. ಎಲ್ಲವನ್ನೂ ಒಂದೇ ಸಿಟ್ಟಿನಲ್ಲಿ ಇಳಿಸಿದೆವು.

ಗಲ್ಲಿಯಲ್ಲಿ ಜನ ಕೂಡಿತು. ಮಣ್ಣು ಇಳಿಯಿತು ಅಂದರೆ ಮನೆ ಹೋಯಿತು ಎಂದೇ ಅರ್ಥ. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಮ್ಮವ್ವನ ಹೆಸರು ಹೇಳಿ. ಮಧ್ಯಾಹ್ನ ಅಣ್ಣ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದಲ್ಲಿ ಬಹಳ ದಿನದ ಮೇಲೆ ತಂಗಿಯ ಮೇಲೆ ಪ್ರೀತಿ.

"ಕಡೀಕ್ ಬುದ್ಧಿ ಬಂತಲ್ಲ ಬೇ. ಛಲೋ ಆತು. ತೊಲಿ ಕಂಬ ಹೊರಗಿನವ್ರಿಗೆ ಕೊಡಬ್ಯಾಡ, ಸಾಗವಾನಿ ಅವ. ನಾನೇ ತಗೋತೇನಿ."

ನಾನು ಮಾಳಿಗೆಯ ಅಂಚಿನಲ್ಲಿ ತುಂಬಿದ ಬುಟ್ಟಿ ಹಿಡಿದು ನಿಂತಿದ್ದೆ. "ಸರೀ ಅಣ್ಣಾ, ಮೈಮ್ಯಾಲ ಬೀಳ್ತದ," ಎಂದೆ.

ಸರಿಯಲಿಲ್ಲ. ನಾನು ಹೇಳಿದ ಮೇಲೆಯೇ ಸುರಿದೆ, ಅದಕ್ಕೆ ಸಾಕ್ಷಿ ಇದೆ. ಬಿಳಿ ಅಂಗಿ ಬೂದಾಯಿತು. ನನ್ನ ರೊಟ್ಟಿಯ ಹೆಣ್ಣುಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿದರು. ಅವನು ಅಂಗಿ ಕೊಡವಿಕೊಳ್ಳುತ್ತ, "ಮಿರಗ ಬಂತು ನೋಡ್ಕೋ! ಕಾಕಾರನ್ನ ಕರಕೊಂಡs ಬರ್ತೇನಿ," ಎಂದು ಕೂಗಿ ಹೋದ. ಬಾ ಎಂದೆ. ಬಾಯಲ್ಲಿ ಧೈರ್ಯ ಹೇಳಿದೆನೇ ಹೊರತು ಕಣ್ಣು ಆಕಾಶದ ಕಡೆಗೇ ಇತ್ತು. ಬೋಳು ಹಲಗೆಯ ಮಾಳಿಗೆ, ಅರ್ಧ ಬಿಚ್ಚಿದ ಗೋಡೆ, ಪಡುವಣದಲ್ಲಿ ಮೋಡ. ಈಗ ಮಳೆ ಬಿದ್ದರೆ ಇದ್ದದ್ದೂ ಹೋಗುತ್ತಿತ್ತು.

ಮರುದಿನ ಮತ್ತೆ ಸರಪಳಿ ಬಿಗಿದೆವು. ಗೌಂಡಿ ಬಂದ, ಮಣ್ಣು ಇಳಿಸಿದವನು ತಾನಲ್ಲ ಎಂದು ಗಲ್ಲಿಗೆಲ್ಲ ಕೇಳುವಂತೆ ಹೇಳಿಯೇ ಬಂದ. ನಮ್ಮ ಮನೆಯವರು ಪುಲ್ಲಿಯ ಸರಪಳಿ ಹಿಡಿದರು, ನಾನು ಕಂಬಕ್ಕೆ ಅಂಗೈ ಇಟ್ಟು ನಿಂತೆ. ಕಟ್ ಕಟ್ ಎಂದು ಪುಲ್ಲಿ ತಿರುಗಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಗೈಯಡಿ ಕಂಬ ಸರಿದಂತಾಯಿತು. ನನ್ನ ಭ್ರಮೆ ಎಂದುಕೊಂಡೆ. ಅಷ್ಟರಲ್ಲಿ ಗೌಂಡಿ, "ಬಂತ್ರೀ! ಅಕ್ಕೋರ, ಬಂತ್ರೀ!" ಎಂದು ಕಿರುಚಿದ. ಗುಂಡಿನ ದಾರದ ಕಡೆಗೆ ಕಂಬ ನಿಧಾನವಾಗಿ, ಮುಪ್ಪಿನ ಮನುಷ್ಯ ಚಾಪೆಯಿಂದ ಏಳುವ ಹಾಗೆ ನರಳುತ್ತ ಎದ್ದಿತು. ಸ್ವಲ್ಪ ಜಗ್ಗುವುದು, ಬೆಣೆ ಹೊಡೆಯುವುದು, ಉಸಿರು ಬಿಡುವುದು, ಮತ್ತೆ ಜಗ್ಗುವುದು. ಸಂಜೆಯ ಹೊತ್ತಿಗೆ ದಾರಕ್ಕೂ ಕಂಬಕ್ಕೂ ಎರಡು ಬೆರಳಿನ ಅಂತರ ಉಳಿಯಿತು. ಇನ್ನೂ ಒಂದು ಸುತ್ತು ಜಗ್ಗಲು ನಾನು ಹೇಳಿದೆ, ಗೌಂಡಿ ಒಪ್ಪಲಿಲ್ಲ. ಕಂಬ ತೊಲೆ ಕೂಡುವಲ್ಲಿ ಕಟ್ಟಿಗೆ ಚಿಟ್ ಎನ್ನತೊಡಗಿತ್ತು. ಅಲ್ಲಿಗೆ ನಿಲ್ಲಿಸಿದೆವು.

ಕಂಬಗಳ ನಡುವೆ ಮೂಲೆಯಿಂದ ಮೂಲೆಗೆ ಅಡ್ಡಪಟ್ಟಿ ಬಡಿದು, ಕೊಯ್ದ ತೊಲೆಯ ತುದಿಗಳಿಗೆ ಕಬ್ಬಿಣದ ಪಟ್ಟಿ ಬೋಲ್ಟು ಬಿಗಿದು, ಗೋಡೆಯನ್ನು ಬಿಚ್ಚಿದಲ್ಲಿಂದ ಹೊಸದಾಗಿ ಎಬ್ಬಿಸಿದೆವು. ಇಳಿಸಿದ ಮಣ್ಣಿನಲ್ಲಿ ಒಂದು ಪಾಲು ಹಗೇವು ತುಂಬಲು ಹೋಯಿತು. ದಿಮ್ಮಿ ಇನ್ನೂ ಅದರೊಳಗೇ ಇದೆ. ಮಾಳಿಗೆಗೆ ಮತ್ತೆ ಕರಲು ಹಾಕಿಸಿದೆ, ಕಲ್ಲಿನ ದೋಣಿ ಬಾಯ್ತೆರೆದು ಕಾಣುವಷ್ಟು ಮಾತ್ರ.

ಮಿರಗಕ್ಕೆ ಒಂದು ದಿನ ಮೊದಲು ಹಿರಿಯರು ಬಂದರು. ಅಣ್ಣ ತಾನೇ ಓಳಂಬಿ ತಂದಿದ್ದ. ಗುಂಡು ಇಳಿಬಿಟ್ಟ, ದಾರ ತೋರಿಸಿದ, ಎರಡು ಬೆರಳು ಇಟ್ಟು ಅಳೆದ. "ನೋಡ್ರಿ ಕಾಕಾ. ಇನ್ನಾ ಡೊಂಕ ಅದ. ನೆಟ್ಟಗ ಅಂದ್ರ ನೆಟ್ಟಗ ಆಗಬೇಕು."

ಕಾಕಾ ಗೋಡೆ ನೋಡಿದರು, ನೆಲ ನೋಡಿದರು. "ಹೌದಪಾ, ಫರಕ ಅದ," ಎಂದರು.

ಅಷ್ಟು ದುಡಿಮೆಯೂ ಎರಡು ಬೆರಳಿಗೆ ಹೋಗಿಬಿಡುತ್ತದೆ ಎಂದು ಆ ಕ್ಷಣ ನಿಜವಾಗಿ ಅನಿಸಿತು. ಹಾಗೆ ಅನಿಸಿದ ಕೂಡಲೇ ಸಿಟ್ಟು ನೆತ್ತಿಗೇರಿತು. ನನ್ನನ್ನು ಯಾವತ್ತೂ ಕಾಪಾಡಿದ್ದು ಅದೇ ಸಿಟ್ಟು.

"ಕಾಕಾ, ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ. ನಾ ನೆಲ ಡೊಂಕು ಅಂದಾಕಿ ಅಲ್ಲ, ಡೊಂಕಿದ್ದ ನೆಲದಾಗೂ ಕುಣದು ತೋರಿಸ್ತೇನಿ. ಎಲ್ಲಾರೂ ಹೊರಗ ನಡೀರಿ."

ಹಿರಿಯರನ್ನು ಹೊರಗೆ ನಡೀರಿ ಅಂದ ಹೆಣ್ಣು ನಮ್ಮ ಗಲ್ಲಿಯಲ್ಲಿ ನಾನೇ ಮೊದಲಿರಬೇಕು. ಗಾಬರಿಯಲ್ಲಿ ನಡೆದೇಬಿಟ್ಟರು. ನಾನು ಒಳಗೆ ನಿಂತು ಗಲ್ಲಿ ಬಾಗಿಲಿನ ಕದ ಹಿಡಿದು ಎಳೆದೆ. ಅದು ಎಲ್ಲಿಯೂ ತಡೆಯಲಿಲ್ಲ, ಉಜ್ಜಲಿಲ್ಲ. ನಾಲ್ಕೂ ಮೂಲೆ ಬಾಗಿಲವಾಡದೊಳಗೆ ಕೂತವು. ಅಗಳಿ ಹಾಕಿದೆ. ಟಕ್ ಎಂದು ಬಿತ್ತು.

ಕತ್ತಲಲ್ಲಿ ಕದಕ್ಕೆ ಬೆನ್ನು ಕೊಟ್ಟು ನಿಂತೆ. ಆಮೇಲೆ ಕಾಕಾ ನಗುವುದು ಕೇಳಿಸಿತು. "ಬಾಗಿಲ ಕೂಡ್ತು ಅಂದ್ರ ಮನಿ ಕೂಡ್ತು. ಇನ್ನ ಓಳಂಬಿ ಸುತ್ತಿಡಪಾ ತಮ್ಮಾ. ಕೆಡವೂ ಮಾತಿಲ್ಲ." ಅಣ್ಣ ಏನೋ ಅಂದ, ಅದು ಕದ ದಾಟಿ ಒಳಗೆ ಬರಲಿಲ್ಲ.

ಮಳೆ ಬಂತು. ಮಾಳಿಗೆ ಒಂದು ಮೂಲೆಯಲ್ಲಿ ಸೋರಿತು. ಇನ್ನೊಂದು ಬುಟ್ಟಿ ಮಣ್ಣು ಹಾಕು ಎಂದು ಗಲ್ಲಿಯ ಎಲ್ಲರೂ ಬುದ್ಧಿ ಹೇಳಿದರು. ಹಳೆಯದನ್ನು ಕೆರೆದು ತೆಗೆದು, ಆ ಜಾಗಕ್ಕೆ ಮಾತ್ರ ಹೊಸದು ಒತ್ತಿದೆ. ಅಪಶಕುನ ಇನ್ನೂ ಬಂದಿಲ್ಲ.

ಶ್ರಾವಣದಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಾರೆ. ಕರೆಯಲು ಯಾರೂ ಬಾರದ ಹೆಣ್ಣನ್ನು ಓಣಿಯ ಜನ ಅಯ್ಯೋ ಎಂದು ನೋಡುತ್ತಾರೆ. ನಮ್ಮಣ್ಣ ಆ ವರ್ಷ ಜೇವರ್ಗಿಗೆ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿತ್ತು, ಆದರೂ ಬಸ್ ನಿಲ್ದಾಣದ ಕಡೆ ಎರಡು ಸಲ ನೋಡಿದೆ. ನೋವಾಗಲಿಲ್ಲ ಅಂದರೆ ಸುಳ್ಳು. ಹಬ್ಬಕ್ಕೆ ಎರಡು ದಿನ ಮೊದಲು ಬ್ಯಾಗು ತುಂಬಿ, ಒಬ್ಬಳೇ ಬಸ್ ಹತ್ತಿ ಬಂದು, ನನ್ನ ಒಲೆ ಹೊತ್ತಿಸಿ ಶೇಂಗಾ ಹುರಿದು ಉಂಡಿ ಕಟ್ಟಲು ಕೂತೆ.

ಗಲ್ಲಿ ಬಾಗಿಲಲ್ಲಿ ವೈನಿ ನಿಂತಿದ್ದಳು. ಪಾಲಾದಾಗಿನಿಂದ ಅವಳು ನನ್ನ ಹೊಸ್ತಿಲು ದಾಟಿರಲಿಲ್ಲ. ಒಳಗೆ ಬಂದು, ಹೊಸ ಗೋಡೆಯನ್ನು ಒಮ್ಮೆ ಕೈಯಿಂದ ಸವರಿ ಕೂತಳು. ಕೇಳದೆಯೇ ಉಂಡಿ ಕಟ್ಟತೊಡಗಿದಳು.

"ನಾಳಿ ನೆಲೋಗಿಯಿಂದ ನನ್ನ ತಮ್ಮಗೋಳು ಕರೀಲಿಕ್ಕೆ ಬರ್ತಾರ," ಎಂದಳು. "ಹಬ್ಬ ಮುಗದ ಮರುದಿನ ಆಫೀಸಿಗೆ ಕರಕೊಂಡು ಹೋಗ್ತಾರಂತ. ಪಾಲು ಬಿಟ್ಟೆ ಅನ್ನೂ ಸಹಿಗೆ."

"ನೀ ಏನಂದಿ?"

"ಏನೂ ಅಂದಿಲ್ಲ." ಒಂದು ಉಂಡಿ ಕಟ್ಟಿ ತಟ್ಟೆಗಿಟ್ಟಳು. "ನಮ್ಮಪ್ಪನ ಮನಿ ಗ್ವಾಡಿ ನೆಟ್ಟಗs ಅವ ಬೇ. ಒಂದೂ ವಾಲಿಲ್ಲ. ಖರೇ ಅದರಾಗ ಒಂದ್ ಇಟ್ಟಂಗಿನೂ ನಂದಲ್ಲ." ಇನ್ನೊಂದು ಉಂಡಿಗೆ ಕೈ ಹಾಕುತ್ತ ಕೇಳಿದಳು, "ಸಹಿ ಮಾಡಂಗಿಲ್ಲ ಅಂದ್ರ, ಮುಂದಿನ ಪಂಚಮಿಗೆ ಕರೀಲಿಕ್ಕೆ ಬರ್ತಾರೇನು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬರಂಗಿಲ್ಲ ವೈನಿ."

"ಮತ್ತ ನಿನಗ ಈ ಸಲ ಯಾರ್ ಕರದ್ರು?"

"ಯಾರೂ ಕರೀಲಿಲ್ಲ. ನಾನೇ ಬಂದೆ. ನನ್ನ ಮನಿ, ಕೀಲಿ ನನ್ನ ಹತ್ರ ಅದ."

ವೈನಿ ಕೈಗೆ ಅಂಟಿದ ಬೆಲ್ಲವನ್ನು ತಟ್ಟೆಯ ಅಂಚಿಗೆ ಒರೆಸಿದಳು. ಸೊಂಟದಿಂದ ಫೋನು ತೆಗೆದು ನೆಲೋಗಿಗೆ ಹಚ್ಚಿದಳು. ಆ ಕಡೆಯವರು ಎತ್ತುವವರೆಗೂ ಹೊಸ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ತಮ್ಮಾ, ನಾಳಿ ಕರೀಲಿಕ್ಕೆ ಬರಬ್ಯಾಡ್ರಿ," ಎಂದಳು. "ನಾನೇ ಬರ್ತೇನಿ."